ಮಿಷಿಗನ್ನಿನಲ್ಲಿ ಹಕ್ಕಿ ಬೆದರಿಸಿದ್ದು

"ಅಮೆರಿಕದಲ್ಲಿ ಎರಡು ತಿಂಗಳಿದ್ದೂ ನಯಾಗರ ನೋಡಲಿಲ್ಲವೇ?" ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ. ಪುರುಸೊತ್ತಾಗಲಿಲ್ಲ, ಹಕ್ಕಿಗಳನ್ನು ಬೆದರಿಸುತ್ತಿದ್ದೆ. ಕೇಳಿದವರು ತಮಾಷೆಯೆಂದುಕೊಂಡು ನಗುತ್ತಾರೆ. ತಮಾಷೆಯಲ್ಲ. ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಕಿತ್ತಳೆ ಬಣ್ಣದ ಬೇಟೆಗಾರರ ಅಂಗಿ ತೊಟ್ಟು, ಅತ್ತಿಗೆಯೂ ನಾನೂ ಡೆಟ್ರಾಯಿಟಿನ ಉತ್ತರದ ಒಂದು ಹೊಲದಲ್ಲಿ "ಹುಶ್, ಹುಶ್" ಎಂದು ಓಡಾಡಿದ್ದೇ ನನ್ನ ವಿದೇಶ ಪ್ರವಾಸ. ಫೋಟೋ ಮಾತ್ರ ಇಲ್ಲ. ತೆಗೆಯಲು ಬಂದವರನ್ನು ಅತ್ತಿಗೆ ಗದರಿಸಿ ಕಳಿಸಿದರು.

ಶಾಮ್‌ಬರ್ಗ್

ನಾನು ಮೈಸೂರಿನವಳು, ಅಂಚೆ ಕಚೇರಿಯ ಕೌಂಟರಿನ ಹಿಂದೆ ಅರ್ಧ ಆಯುಷ್ಯ ಕಳೆದವಳು. ಮುನಿಸಿಕೊಂಡವರನ್ನು ಊಟಕ್ಕೆ ಏಳಿಸುವುದು, ಹಟ ಹಿಡಿದ ಮಕ್ಕಳಿಗೆ ಬುದ್ಧಿ ಹೇಳುವುದು ಶಾರದೆಗೆ ಚೆನ್ನಾಗಿ ಬರುತ್ತದೆ ಎಂದು ನಮ್ಮ ಬಂಧುಬಳಗದಲ್ಲಿ ನನಗೊಂದು ಹೆಸರಿದೆ. ಅದು ಹೇಗೆ ಬಂತೆಂದು ನನಗೇ ಗೊತ್ತಿಲ್ಲ. ಎರಡು ಸಾವಿರದ ಮೂರರಲ್ಲಿ ಅಣ್ಣ ಟಿಕೆಟ್ ಕಳಿಸಿ ಕರೆಸಿಕೊಂಡಾಗ ತಂಗಿಯ ಮೇಲಿನ ಪ್ರೀತಿ ಉಕ್ಕಿತು ಎಂದುಕೊಂಡೆ. ಶಾಮ್‌ಬರ್ಗಿನ ಅವನ ಮನೆಯಲ್ಲಿ ಮೊದಲ ಲೋಟ ಕಾಫಿ ಮುಗಿಯುವುದರೊಳಗೆ ನಿಜ ಹೊರಬಿತ್ತು.

"ನೋಡು ಶಾರದಾ, ಸಿಂಧುಗೆ ನೀನೇ ಹೇಳ್ಬೇಕು. ನಾವು ಹೇಳಿದ್ರೆ ‘ಯೂ ಡೋಂಟ್ ಗೆಟ್ ಇಟ್, ಡ್ಯಾಡ್’ ಅಂತ ಫೋನ್ ಇಟ್ಬಿಡ್ತಾಳೆ" ಎಂದ ಅಣ್ಣ.

ಸಿಂಧು ಅವರ ಒಬ್ಬಳೇ ಮಗಳು. ಅಲ್ಲೇ ಹುಟ್ಟಿ ಅಲ್ಲೇ ಬೆಳೆದವಳು. ಡಾಕ್ಟರಾಗುತ್ತಾಳೆ ಎಂದು ಮಿಷಿಗನ್ನಿಗೆ ಓದಲು ಕಳಿಸಿದರೆ ಪ್ರಾಣಿಶಾಸ್ತ್ರ ಓದಿ, ಒಂದು ಬೇಟೆ ಕ್ಲಬ್ಬಿನಲ್ಲಿ ಗೇಮ್‌ಕೀಪರ್ ಆಗಿ ಸೇರಿಕೊಂಡಿದ್ದಳು. ಅಂದರೆ ಫೆಸೆಂಟ್ ಎಂಬ ಹಕ್ಕಿಯ ಮರಿಗಳನ್ನು ತಂದು, ಕಾಪಾಡಿ, ಬೆಳೆಸಿ, ಅಕ್ಟೋಬರ್ ಬಂದಾಗ ಹಾರಿಬಿಡುವುದು. ಕೋವಿ ಹಿಡಿದ ಸದಸ್ಯರು ಬಂದು ಅವನ್ನು ಹೊಡೆಯುವುದು. ಈ ಕೆಲಸ ಮಾಡುತ್ತಿರುವವಳು ಮೊಟ್ಟೆಯನ್ನೂ ಮುಟ್ಟದ ಮನೆಯ ಹುಡುಗಿ. ಇನ್ನೂ ತಮಾಷೆಯೆಂದರೆ ಅವಳು ಈಗಲೂ ಮೊಟ್ಟೆ ಮುಟ್ಟುವುದಿಲ್ಲ.

ಅಪ್ಪನಿಗೂ ಮಗಳಿಗೂ ಆ ವರ್ಷ ಒಂದು ಒಪ್ಪಂದವಾಗಿತ್ತು. ಅಲ್ಲಿನ ಹಳೆಯ ಹೆಡ್ ಕೀಪರ್ ಮಂಡಿನೋವೆಂದು ಕೆಲಸ ಬಿಡುತ್ತಿದ್ದ. ಆ ಜಾಗ ಸಿಂಧುವಿಗೆ ಸಿಕ್ಕರೆ ಅಣ್ಣ ಬಾಯಿ ಮುಚ್ಚಿಕೊಂಡಿರಬೇಕು. ಸಿಗದಿದ್ದರೆ ಅವಳು ಮನೆಗೆ ಬಂದು ಫಾರ್ಮಸಿ ಓದಬೇಕು. ಅಕ್ಟೋಬರಿನ ಮೊದಲ ದೊಡ್ಡ ಬೇಟೆ ಮುಗಿದ ಮೇಲೆ ಕ್ಲಬ್ಬಿನ ಯಜಮಾನ ತೀರ್ಮಾನ ಹೇಳುತ್ತಾನಂತೆ.

"ಅಷ್ಟರೊಳಗೆ ನೀವಿಬ್ರೂ ಹೋಗಿ ಮನಸ್ಸು ತಿರುಗಿಸಿ ಕರ್ಕೊಂಡು ಬಂದ್ಬಿಡಿ. ನಂಗೆ ರಜ ಇಲ್ಲ" ಎಂದು ಅಣ್ಣ ಎಲ್ಕ್ ಗ್ರೋವಿನ ತನ್ನ ಫ್ಯಾಕ್ಟರಿಗೆ ಹೊರಟುಹೋದ. ಅತ್ತಿಗೆ ಪುಳಿಯೋಗರೆ ಗೊಜ್ಜು ಕುದಿಸಲು ಶುರುಮಾಡಿದರು.

ಅರೋರಾ

ಹೊರಡುವ ಮುಂಚೆ ಬಾಲಾಜಿಗೆ ಒಂದು ಮಾತು ಹೇಳಿ ಬರೋಣವೆಂದು ಅರೋರಾ ದೇವಸ್ಥಾನಕ್ಕೆ ಹೋದೆವು. ಪೂಜೆ ನಮ್ಮಲ್ಲಿಯ ಹಾಗೇ. ಆದರೆ ಚಪ್ಪಲಿ ಕಾಯುವವರಿಲ್ಲ, ಚಪ್ಪಲಿ ಕಳೆಯುವುದೂ ಇಲ್ಲ. ಕೆಳಗಿನ ಮಹಡಿಯಲ್ಲಿ ಇಡ್ಲಿ ತಿನ್ನುವಾಗ ಬೆಂಗಳೂರಿನ ಒಬ್ಬ ಆಂಟಿ ಪಕ್ಕದಲ್ಲಿ ಬಂದು ಕೂತರು. ತಮ್ಮ ಮಗ ಹೃದಯದ ಡಾಕ್ಟರು, ಸೊಸೆ ಮೂಳೆ ಡಾಕ್ಟರು ಎಂದು ಹೇಳಿ ಮುಗಿಸಿ, "ನಿಮ್ಮ ಮಗಳು ಏನ್ಮಾಡ್ತಾಳೆ?" ಎಂದರು.

"ಬರ್ಡ್ಸ್ ಜೊತೆ ಕೆಲಸ" ಎಂದರು ಅತ್ತಿಗೆ, ಇಡ್ಲಿಯನ್ನೇ ನೋಡುತ್ತಾ.

"ಓ, ಮೂಕ ಪಕ್ಷಿಗಳ ಸೇವೆ! ಪುಣ್ಯ ಮಾಡಿದೀರಿ ಕಣ್ರೀ. ಈಗಿನ ಮಕ್ಕಳಿಗೆ ಅಂಥ ಮನಸ್ಸೆಲ್ಲಿ?"

ಅತ್ತಿಗೆ ಚಟ್ನಿ ಬೇಕೆಂದು ಎದ್ದು ಹೋದವರು ತಿರುಗಿ ಆ ಮೇಜಿಗೆ ಬರಲಿಲ್ಲ. ಆಂಟಿಯ ಸೊಸೆಯ ಬಗ್ಗೆ ಉಳಿದದ್ದನ್ನೆಲ್ಲ ನಾನೇ ಕೇಳಿದೆ.

ಕೆನಡಾದ ಹೊಸ್ತಿಲು

ಅತ್ತಿಗೆ ಡ್ರೈವ್ ಮಾಡುವುದನ್ನು ನೋಡಿದವರಿಗೆ ದೇವರಲ್ಲಿ ನಂಬಿಕೆ ಹುಟ್ಟುತ್ತದೆ. ಬಲಗಡೆಯ ಸಾಲು ಬಿಡುವುದಿಲ್ಲ, ಸ್ತೋತ್ರ ನಿಲ್ಲಿಸುವುದಿಲ್ಲ, ಹಿಂದಿನವರು ಏನು ಸನ್ನೆ ಮಾಡಿದರೂ ತಿರುಗಿ ನೋಡುವುದಿಲ್ಲ. ಕಂಪ್ಯೂಟರಿನಿಂದ ಅಣ್ಣ ತೆಗೆದುಕೊಟ್ಟ ನಕ್ಷೆಯ ಹಾಳೆಗಳು ನನ್ನ ತೊಡೆಯ ಮೇಲಿದ್ದವು. ಎಕ್ಸಿಟ್ ನಂಬರು ಓದಿ ಹೇಳುವುದು ನನ್ನ ಕೆಲಸ. ಮಿಷಿಗನ್ನಿನ ಒಂದು ವಿಶ್ರಾಂತಿ ತಾಣದಲ್ಲಿ ಮೊಸರನ್ನ ತಿಂದು ಕೈ ತೊಳೆಯುವವರೆಗೆ ನಾನು ಅದನ್ನು ಚೆನ್ನಾಗಿಯೇ ಮಾಡಿದೆ. ಆಮೇಲೆ ಮೊಸರನ್ನ ತನ್ನ ಕೆಲಸ ಮಾಡಿತು, ನಿದ್ದೆ ಬಂತು. ಕಣ್ಣು ಬಿಟ್ಟಾಗ ಎದುರಿಗೆ ಆಕಾಶದೆತ್ತರದ ಸೇತುವೆ, ಅದರ ಪಕ್ಕದಲ್ಲಿ ‘ಕೆನಡಾಕ್ಕೆ ದಾರಿ’ ಎಂಬ ಬೋರ್ಡು.

"ಶಾರದಾ, ನಿನ್ನ ವೀಸಾದಲ್ಲಿ ಒಂದ್ಸಲ ಹೊರಗೆ ಹೋದ್ರೆ ವಾಪಸ್ ಬಿಡ್ತಾರೇನೇ?" ಎಂದರು ಅತ್ತಿಗೆ, ಸ್ತೋತ್ರದ ನಡುವೆಯೇ. ಕಾರನ್ನು ರಸ್ತೆಯಂಚಿಗೆ ನಿಲ್ಲಿಸಿದರು. ಹಿಂದೆಯೇ ಪೊಲೀಸ್ ಕಾರು ಬಂತು.

ನಮ್ಮೂರಲ್ಲಿ ಪೊಲೀಸರು ನಿಲ್ಲಿಸಿದರೆ ನಾವಾಗಿ ಇಳಿದು, ಅವರ ಹತ್ತಿರ ಹೋಗಿ, ಒಂದು ನಮಸ್ಕಾರ ಹಾಕಿ ಮಾತಾಡುವುದು ಮರ್ಯಾದೆ. ನಾನು ಇಳಿದೆ. ನಕ್ಷೆ ಹಿಡಿದ ಕೈಗಳನ್ನೇ ಜೋಡಿಸಿ ಪೊಲೀಸಿನವನ ಕಡೆ ನಡೆದೆ. ಅವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. "ಒಳಗೆ ಕೂತ್ಕೊಳೇ ಮಾರಾಯ್ತಿ!" ಎಂದು ಅತ್ತಿಗೆ ಕಿರುಚಿದ್ದು ಕೆನಡಾಕ್ಕೂ ಕೇಳಿಸಿರಬೇಕು. ಆ ದೇಶದಲ್ಲಿ ಕಾರಿನಿಂದ ಇಳಿಯದೆ ಇರುವುದೇ ಮರ್ಯಾದೆಯಂತೆ. ಪಾಪ, ಒಳ್ಳೆಯ ಹುಡುಗ. ವಿಷಯ ತಿಳಿದ ಮೇಲೆ ದೀಪ ಮಿನುಗಿಸುತ್ತಾ ಮುಂದೆ ಮುಂದೆ ಹೋಗಿ ಸರಿಯಾದ ದಾರಿಗೆ ಬಿಟ್ಟ. ಅವನಿಗೆ ನಾಲ್ಕು ಕೋಡುಬಳೆ ಕೊಟ್ಟೆವು. ಬಳೆಯೆಂದುಕೊಂಡನೋ ಏನೋ, ಬಹಳ ಹುಷಾರಾಗಿ ಎತ್ತಿಟ್ಟುಕೊಂಡ.

ಹಕ್ಕಿದೊಡ್ಡಿ

ಸಿಂಧುವನ್ನು ನಾನು ಕೊನೆಯ ಸಲ ನೋಡಿದ್ದು ಮೈಸೂರಿನಲ್ಲಿ, ಜಡೆ ಹಾಕಿಕೊಂಡ ಹುಡುಗಿಯಾಗಿ. ಈಗ ಬಂದು ಕಾರಿನ ಬಾಗಿಲು ತೆಗೆದವಳು ಮೊಣಕಾಲವರೆಗೆ ರಬ್ಬರ್ ಬೂಟು, ಮೈತುಂಬ ಕೆಸರು, ತಲೆಗೆ ಟೋಪಿ ಹಾಕಿಕೊಂಡಿದ್ದಳು. ಪಕ್ಕದಲ್ಲಿ ಬೆಲ್ ಎಂಬ ಕಂದು ನಾಯಿ. ಅಲ್ಲಿಯವರ ಬಾಯಲ್ಲಿ ಸಿಂಧು ಸಿಂಡಿಯಾಗಿದ್ದಳು. "ಹಾಯ್ ಅತ್ತೆ! ಬೂಟ್ಸ್ ತಂದಿದೀರಾ?" ಎಂದಳು. ಅತ್ತಿಗೆ ಮಗಳ ಕೈ ಹಿಡಿದು ಉಗುರು ನೋಡಿ ಬಿಟ್ಟರು.

ಫೆಸೆಂಟ್ ಎಂದರೆ ನಮ್ಮ ಕಾಡುಕೋಳಿಯ ಶ್ರೀಮಂತ ನೆಂಟ. ಗಂಡಿಗೆ ತಾಮ್ರದ ಮೈ, ಕೆಂಪು ಮುಖ, ಕತ್ತಿಗೆ ಬಿಳಿ ಪಟ್ಟಿ, ಮೊಳದುದ್ದದ ಬಾಲ. ಜೋಳದ ಹೊಲದ ಮೇಲೆಲ್ಲ ಬಲೆ ಹೊದಿಸಿ ಸುತ್ತ ತಂತಿ ಕಟ್ಟಿದ ದೊಡ್ಡಿಗಳಲ್ಲಿ ಸಾವಿರಾರು ಹಕ್ಕಿಗಳಿದ್ದವು. ಎಲ್ಲದಕ್ಕೂ ಕನ್ನಡಕ! ಒಂದರ ಪುಕ್ಕ ಒಂದು ಕಿತ್ತು ಜಗಳವಾಡುತ್ತವೆಂದು ಕೊಕ್ಕಿನ ಮೇಲೆ ಚಿಕ್ಕ ಪ್ಲಾಸ್ಟಿಕ್ ತುಂಡು ಸಿಕ್ಕಿಸುತ್ತಾರೆ. ಎದುರಿಗಿರುವುದು ಕಾಣದೆ ಅಕ್ಕಪಕ್ಕ ಮಾತ್ರ ಕಾಣುತ್ತದೆ, ಜಗಳ ನಿಲ್ಲುತ್ತದೆ. ನಮ್ಮ ಕೂಡುಕುಟುಂಬಗಳಿಗೆ ಇದು ಯಾಕೆ ಹೊಳೆಯಲಿಲ್ಲವೋ.

ಸಿಂಧುವಿನ ಕೆಲಸ ನೋಡಿದೆ. ಬೆಳಗಾಗುವಾಗ ತಂತಿಯುದ್ದಕ್ಕೂ ನಡೆದು ನರಿ ಎಲ್ಲಿ ಕೆದಕಿದೆ ಎಂದು ನೋಡುವುದು, ಕಾಯಿಲೆಯ ಹಕ್ಕಿಯನ್ನು ಬೇರೆ ಮಾಡುವುದು, ಕಾಳಿನ ಪೀಪಾಯಿ ತುಂಬುವುದು. ದಿನಕ್ಕೊಂದು ದೊಡ್ಡಿಯ ಸರದಿಯಂತೆ ನಾಯಿಯೊಡನೆ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಎಲ್ಲವನ್ನೂ ಹಾರಿಸುವುದು. ಹಕ್ಕಿಗಳೊಡನೆ ಒಂದು ಮಾತಿಲ್ಲ, ಒಂದು ಮುದ್ದಿಲ್ಲ.

"ಅಮ್ಮ, ಅತ್ತೆ, ಒಂದೇ ರೂಲ್. ದೊಡ್ಡಿ ಒಳಗೆ ಹೋಗ್ಬೇಡಿ. ಓಕೆ?"

"ಅಯ್ಯೋ, ಆ ಗಲೀಜಿಗೆ ಯಾರು ಹೋಗ್ತಾರೆ?" ಎಂದರು ಅತ್ತಿಗೆ.

ಕ್ಲಬ್ಬಿನ ಯಜಮಾನ ವಾಲ್ಟ್ ಮಾತು ಕಡಿಮೆಯ ಮನುಷ್ಯ. ನಮ್ಮನ್ನು ನೋಡಿ ಟೋಪಿ ಎತ್ತಿದ, ಸೀರೆ ನೋಡಿ ಆಕಾಶ ನೋಡಿದ, "ಚಳಿಯಾಗುತ್ತೆ" ಎಂದ. ಆ ವಾರ ಅವನು ನಮ್ಮೊಡನೆ ಆಡಿದ್ದು ಅಷ್ಟೇ. ನಾನು ಬುದ್ಧಿ ಹೇಳುವ ಕಾರ್ಯಕ್ರಮವನ್ನು ಮೂರು ಸಲ ಆರಂಭಿಸಿದೆ. ಪ್ರತಿ ಸಲವೂ ಸಿಂಧು, "ಅತ್ತೆ, ಈ ಬಕೆಟ್ ಸ್ವಲ್ಪ ಹಿಡ್ಕೊಳ್ಳಿ" ಎಂದಳು, ನಾನು ಹಿಡಿದುಕೊಂಡೆ.

ಮಾವನವರು

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಶ್ರಾದ್ಧ ಅಣ್ಣನ ಪಾಲಿನದು, ಅವನು ಅರೋರಾದಲ್ಲಿ ಮಾಡಿಸುತ್ತಿದ್ದ. ಆದರೆ ಹಿರಿಯರಿಗೆ ಇಷ್ಟವಾದದ್ದನ್ನು ಮಾಡಿ ಕಾಗೆಗೆ ಇಡದೆ ಅತ್ತಿಗೆ ಅನ್ನ ಮುಟ್ಟುವವರಲ್ಲ. ನಾವು ಉಳಿದುಕೊಂಡಿದ್ದ, ಚಕ್ರದ ಮೇಲೆ ನಿಂತ ಸಿಂಧುವಿನ ಟ್ರೈಲರ್ ಮನೆಯ ಚಿಕ್ಕ ಒಲೆಯಲ್ಲೇ ವಡೆ, ಪಾಯಸ ಮಾಡಿದರು. ಪೇಪರ್ ತಟ್ಟೆಯಲ್ಲಿ ಬಡಿಸಿಕೊಂಡು ಹೊರಗೆ ಬಂದು "ಕಾ ಕಾ" ಎಂದು ಕರೆದರು. ಒಂದೇ ಒಂದು ಕಾಗೆಯಿಲ್ಲ. ನಮಗಿಬ್ಬರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಹತ್ತಿರದ ದೊಡ್ಡಿಯ ತಂತಿಯ ಪಕ್ಕದಲ್ಲಿ ತಟ್ಟೆ ಇಟ್ಟು ಕಾದೆವು.

ತಂತಿಯ ಕಂಡಿಯಿಂದ ಒಂದು ಗಂಡು ಫೆಸೆಂಟ್ ಕತ್ತು ಹೊರಗೆ ಹಾಕಿತು. ಅದರ ಬಾಲದ ಒಂದು ಗರಿ ಸೊಟ್ಟಗಿತ್ತು. ಅನ್ನ ಬಿಟ್ಟಿತು, ಪಾಯಸ ಬಿಟ್ಟಿತು, ಸೀದಾ ವಡೆಗೆ ಬಾಯಿ ಹಾಕಿತು.

"ಶಾರದಾ!" ಅತ್ತಿಗೆ ನನ್ನ ತೋಳು ಹಿಡಿದುಕೊಂಡರು. "ಮಾವನವರಿಗೆ ವಡೆ ಅಂದ್ರೆ ಪ್ರಾಣ ಅಲ್ವಾ? ಆ ಕನ್ನಡಕ ನೋಡೇ!"

ಮಾವನವರೆಂದರೆ ನನ್ನ ಅಪ್ಪ. ಅವರು ಬದುಕಿದ್ದಾಗ ಶ್ರೀರಂಗಪಟ್ಟಣ ದಾಟಲೂ ಸೋಮಾರಿತನ ಮಾಡುತ್ತಿದ್ದರು. ಅಂಥವರು ವಡೆಗಾಗಿ ಮಿಷಿಗನ್ನಿಗೆ ಬರುತ್ತಾರೆಯೇ ಎಂದು ನಾನು ನಕ್ಕೆ. ಆದರೆ ಹಕ್ಕಿ ಕತ್ತನ್ನು ಓರೆ ಮಾಡಿ, ಕನ್ನಡಕದ ಪಕ್ಕದಿಂದ, ‘ಇಷ್ಟೇ ಮಾಡಿದ್ದಾ?’ ಎನ್ನುವ ಹಾಗೆ ನನ್ನನ್ನು ನೋಡಿದಾಗ ನಗು ಸ್ವಲ್ಪ ತಗ್ಗಿತು. ಅಪ್ಪ ಹಾಗೆಯೇ ನೋಡುತ್ತಿದ್ದರು.

ಅವತ್ತಿನಿಂದ ಸಿಂಧು ಆಚೆ ಹೋದಾಗಲೆಲ್ಲ ಅತ್ತಿಗೆ ಸ್ಟೀಲ್ ತಟ್ಟೆ ಹಿಡಿದು ತಂತಿಯ ಬಳಿ ಕೂರತೊಡಗಿದರು. ದೊಡ್ಡಿಯ ಒಳಗೆ ಕಾಲಿಡಲಿಲ್ಲ, ರೂಲಿಗೆ ಭಂಗ ತರಲಿಲ್ಲ. ಮಾವನವರ ಹಿಂದೆ ಅವರ ಬಳಗವೂ ಬಂತು. ಮಂಡಕ್ಕಿ, ಅವಲಕ್ಕಿ, ಉಪ್ಪಿಟ್ಟು. ಮನೆಯ ಸುದ್ದಿ, ಅಣ್ಣನ ಸಕ್ಕರೆ ಕಾಯಿಲೆ, ಮಗಳಿಗೆ ಗಂಡು ಹುಡುಕುವ ಕಷ್ಟ ಎಲ್ಲವನ್ನೂ ಅವಕ್ಕೆ ಹೇಳಿದರು. ಇಪ್ಪತ್ತೈದು ವರ್ಷದಿಂದ ಆ ದೇಶದಲ್ಲಿ ಅತ್ತಿಗೆಗೆ ಇಷ್ಟು ತಾಳ್ಮೆಯಿಂದ ಕೇಳುವವರು ಸಿಕ್ಕಿರಲಿಲ್ಲ ಎಂದು ಕಾಣುತ್ತದೆ.

ಕುಂಬಾರನಿಗೆ ವರುಷ

ಬೇಟೆಗೆ ಒಂದು ವಾರವಿತ್ತು. ಸಿಂಧು ಎಂದಿನಂತೆ ಹಕ್ಕಿಗಳನ್ನು ಹಾರಿಸಲು ಆ ದೊಡ್ಡಿಗೆ ಹೋದಳು. ನಾವು ಹೊರಗೆ ನಿಂತು ನೋಡುತ್ತಿದ್ದೆವು. ಹಕ್ಕಿಗಳು ಹಾರಲಿಲ್ಲ. ಅವಳ ಸುತ್ತ ಬಂದು, ಕತ್ತು ಓರೆ ಮಾಡಿ, ಏನು ತಂದಿದ್ದೀಯ ಎಂದು ವಿಚಾರಿಸಿದವು. ಬೆಲ್ ತಬ್ಬಿಬ್ಬಾಗಿ ಕೂತುಬಿಟ್ಟಿತು.

ಸಿಂಧು ಹೊರಗೆ ಬಂದು ತಾಯಿಯ ಕೈಯಲ್ಲಿದ್ದ ತಟ್ಟೆ ನೋಡಿದಳು.

"ಅಮ್ಮಾ, ವಾಟ್ ಡಿಡ್ ಯೂ ಡೂ?"

"ಒಳಗೆ ಹೋಗ್ಲಿಲ್ವಲ್ಲೇ! ಪಾಪ, ಹಸಿದಿದ್ವು..."

"ಹಸಿದಿರ್ಲಿಲ್ಲ ಅಮ್ಮ. ಮರಿ ಇದ್ದಾಗಿಂದ ನಾನು ಇವಕ್ಕೆ ಒಂದೇ ಪಾಠ ಹೇಳ್ಕೊಟ್ಟಿರೋದು. ಮನುಷ್ಯರನ್ನ ಕಂಡ್ರೆ ಹಾರಿ ಅಂತ. ಹಾರಿದ್ರೆ ಅದಕ್ಕೊಂದು ಚಾನ್ಸ್ ಇದೆ. ಎಷ್ಟೋ ಹಕ್ಕಿ ಗನ್ ತಪ್ಪಿಸ್ಕೊಂಡು ಕಾಡಿಗೆ ಹೋಗ್ತವೆ. ನಡ್ಕೊಂಡು ಬರೋ ಹಕ್ಕಿಗೆ ಏನೂ ಇಲ್ಲ. ನರಿ ತಿನ್ನುತ್ತೆ, ಇಲ್ಲಾಂದ್ರೆ ನಾನೇ ಕತ್ತು ಮುರೀಬೇಕು." ಅವಳು ತಾಯಿಯ ಕೈಯಿಂದ ತಟ್ಟೆ ತೆಗೆದುಕೊಂಡಳು. "ಬೇಟೆ ದಿನಕ್ಕೆ ವಾಲ್ಟ್ ಆರಿಸಿರೋದು ಇದೇ ದೊಡ್ಡೀನ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅದೂ ಉಪ್ಪಿಟ್ಟಿನ ದೊಣ್ಣೆ. ನನಗೆ ಆ ಹುಡುಗಿಯ ಮುಖ ನೋಡಲಾಗಲಿಲ್ಲ.

ಸಂಜೆ ಅಣ್ಣನ ಫೋನು. ಅತ್ತಿಗೆ ಎಲ್ಲವನ್ನೂ ಹೇಳಿದರು. ಅಣ್ಣ ನಗುವುದು ನನಗೂ ಕೇಳಿಸಿತು. "ಒಳ್ಳೇದೇ ಆಯ್ತಲ್ಲೇ! ನೀವು ಸುಮ್ನೆ ಕೂತಿರಿ ಸಾಕು. ಹಕ್ಕಿ ಹಾರಲ್ಲ, ಕೆಲಸ ಸಿಗಲ್ಲ, ಮಗಳು ಮನೆಗೆ ಬರ್ತಾಳೆ. ಭಲೇ!"

ಅತ್ತಿಗೆ ಫೋನನ್ನು ಮೆಲ್ಲಗೆ ಮಡಿಸಿಟ್ಟರು. ಅಣ್ಣ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾವು ಬಂದ ಕೆಲಸ ತಾನಾಗಿಯೇ ಆಗುತ್ತಿತ್ತು. ಹಾಗೆಂದು ನಾನೂ ಹೇಳಿದೆ. ಅತ್ತಿಗೆ ನಾಳೆಯ ಉಪ್ಪಿಟ್ಟಿಗೆ ಅಳೆದಿಟ್ಟಿದ್ದ ರವೆಯನ್ನು ಡಬ್ಬಿಗೆ ಸುರಿದರು. ಒಳಕೋಣೆಯ ಬಾಗಿಲು ತಟ್ಟಿ, "ಸಿಂಧೂ, ಅವನ್ನ ಬೆದರಿಸೋದು ಹೇಗೆ ಹೇಳು" ಎಂದರು.

ಹುಶ್, ಹುಶ್

ಮರುದಿನದಿಂದ ನಮ್ಮ ಕವಾಯತು ಶುರುವಾಯಿತು. ಸಿಂಧು ಮತ್ತು ಬೆಲ್ ಒಂದು ಕಡೆಯಿಂದ, ಅತ್ತಿಗೆಯೂ ನಾನೂ ಇನ್ನೊಂದು ಕಡೆಯಿಂದ. ಮೊದಲ ದಿನ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿದೆವು. ಹಕ್ಕಿಗಳೆಲ್ಲ ಓಡೋಡಿ ಹತ್ತಿರ ಬಂದವು. ಅವು ತಿಂಡಿ ಕಂಡಿದ್ದೇ ಆ ತಟ್ಟೆಯಲ್ಲಿ. ತಟ್ಟೆ ಬಿಟ್ಟು ಪೇಂಟಿನ ಡಬ್ಬ ಹಿಡಿದೆವು. ಮೈಸೂರಿನ ಮಾಳಿಗೆಯ ಮೇಲೆ ಹಪ್ಪಳ ಕಾದ ಅನುಭವ ನನ್ನ ಕೈ ಹಿಡಿಯಿತು. ನನ್ನ "ಹುಶ್" ಕೇಳಿ ಬೆಲ್ ಕೂಡ ಹೆದರುತ್ತದೆ ಎಂದಳು ಸಿಂಧು. ಬಂದಾಗಿನಿಂದ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು.

ಅತ್ತಿಗೆಯದು ಬೇರೆ ಕಷ್ಟ. ಮುಂಚಿನ ದಿನದವರೆಗೂ "ಬಾ ಪುಟ್ಟಾ" ಎಂದು ಕರೆದ ಬಾಯಲ್ಲಿ ಬೈಗುಳ ಬರುತ್ತಿರಲಿಲ್ಲ. ಮೊದಲು "ಹೋಗ್ರಪ್ಪಾ" ಎಂದರು. ಮೂರನೆಯ ದಿನಕ್ಕೆ "ತೊಲಗಿ, ಹಾಳಾದವೇ" ಎನ್ನುವಷ್ಟು ಪಳಗಿದರು. ಪ್ರತಿ ಸುತ್ತಿನ ಕೊನೆಗೂ ಕಣ್ಣೊರೆಸಿಕೊಳ್ಳುತ್ತಿದ್ದರು, ಗಾಳಿಗೆ ನೀರು ಬರುತ್ತದೆ ಎನ್ನುತ್ತಿದ್ದರು. ವಾಲ್ಟ್ ಒಂದು ಸಲ ಟ್ರಕ್ ನಿಲ್ಲಿಸಿ ನಮ್ಮನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೊರಟುಹೋದ.

ವಾರ ಮುಗಿಯುವಷ್ಟರಲ್ಲಿ ನಾವು ಕಂಡರೆ ಸಾಕು, ಬಲೆ ಹರಿದುಹೋಗುವ ಹಾಗೆ ಹಾರುತ್ತಿದ್ದವು. ಮಾವನವರು ಮಾತ್ರ ಕೆಳಗೇ. ಅಪ್ಪ ಬದುಕಿದ್ದಾಗಲೂ ಯಾರ ಮಾತನ್ನೂ ಕೇಳಿದವರಲ್ಲ.

ಗುಡ್ಡ

ಬೇಟೆಯ ದಿನ ನಲವತ್ತು ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕೇ ಡಿಗ್ರಿ ಚಳಿ. ಬೇಟೆಗಾರರು ಮದುವೆಗೆ ಬಂದವರಂತೆ ಶಿಸ್ತಾಗಿ ಬಂದಿದ್ದರು. ಪ್ಯಾನ್‌ಕೇಕ್ ತಿಂದರು, ಒಬ್ಬರ ಕೋವಿಯನ್ನು ಒಬ್ಬರು ಹೊಗಳಿದರು, ನಮಗೆ ಬಾಗಿ ಗುಡ್ ಮಾರ್ನಿಂಗ್ ಹೇಳಿದರು. ಮರಗಳಿರುವ ಒಂದು ಗುಡ್ಡ, ಅದರ ಸುತ್ತ ಕೆಳಗೆ ಕೋವಿಯವರು. ಗುಡ್ಡದ ಮೇಲಿನಿಂದ ಸಿಂಧು ಪೆಟ್ಟಿಗೆ ತೆರೆದು ಹಕ್ಕಿಗಳನ್ನು ಒಂದೊಂದಾಗಿ ಎಸೆಯಬೇಕು. ಅವು ಎತ್ತರಕ್ಕೆ ಏರಿ ಕೋವಿಯವರ ತಲೆಯ ಮೇಲೆ ಹೋಗಬೇಕು. ನಾವು ಮನೆಯಲ್ಲಿರುವುದು ಒಳ್ಳೆಯದು ಎಂದಳು ಸಿಂಧು. ಅತ್ತಿಗೆ ಕಿತ್ತಳೆ ಅಂಗಿ ತೊಟ್ಟು ಆಗಲೇ ಗುಡ್ಡ ಹತ್ತುತ್ತಿದ್ದರು. ವಾಲ್ಟ್ ಕೈಕಟ್ಟಿಕೊಂಡು ನಮ್ಮ ಪಕ್ಕದಲ್ಲಿ ನಿಂತ.

ಮೊದಲ ಹಕ್ಕಿ ಬಾಣದ ಹಾಗೆ ಹೋಯಿತು. ಎರಡನೆಯದೂ ಹೋಯಿತು. ಕೆಳಗೆ ಢಂ ಢಂ ಎಂದಿತು. ಕೆಲವು ಬಿದ್ದವು, ಕೆಲವು ಮೇಪಲ್ ಮರಗಳ ಆಚೆ ದಾಟಿಕೊಂಡವು. ದಾಟಿದಾಗಲೆಲ್ಲ ಅತ್ತಿಗೆ ನನ್ನ ಕೈ ಹಿಂಡುತ್ತಿದ್ದರು. ಬಿದ್ದಾಗಲೂ ಹಿಂಡುತ್ತಿದ್ದರು. ಸಿಂಧುವಿನ ಮುಖ ನಿಧಾನವಾಗಿ ಸಡಿಲವಾಗುತ್ತಿತ್ತು.

ಆಮೇಲೆ ತೆರೆದ ಪೆಟ್ಟಿಗೆಯಿಂದ ಅವಳ ಕೈಗೆ ಬಂದದ್ದು ಸೊಟ್ಟ ಗರಿಯ ಬಾಲ. ಹಿಂದಿನ ದಿನವೇ ಎಲ್ಲ ಹಕ್ಕಿಗಳ ಕನ್ನಡಕ ತೆಗೆದಿದ್ದರು, ಆದರೂ ಗುರುತು ಸಿಕ್ಕಿತು. ಅದು ಯಾರೆಂದು ಅಷ್ಟರಲ್ಲಿ ಸಿಂಧುವಿಗೂ ತಿಳಿದಿತ್ತು. ಸಿಂಧು ತಾಯಿಯ ಕಡೆ ತಿರುಗಿದಳು.

"ಅಮ್ಮ, ಇವ್ರನ್ನ ಬೇಕಾದ್ರೆ ಇಟ್ಕೋತೀನಿ."

ಅತ್ತಿಗೆ ವಾಲ್ಟನ ಮುಖ ನೋಡಿದರು, ಮಗಳ ಕೆಸರು ಕೈ ನೋಡಿದರು. "ಎಲ್ಲಾರ್ನೂ ಬಿಟ್ಟ ಹಾಗೇ ಬಿಡು" ಎಂದರು.

ಸಿಂಧು ಎಸೆದಳು. ಮಾವನವರು ಒಂದು ಸಣ್ಣ ಸುತ್ತು ಹಾಕಿ, ಕೆಳಗಿಳಿದು, ಹುಲ್ಲಿನ ಮೇಲೆ ಗಂಭೀರವಾಗಿ ನಡೆಯುತ್ತಾ ಅತ್ತಿಗೆಯ ಕಾಲ ಬಳಿ ಬಂದು ನಿಂತರು. ಕತ್ತು ಓರೆ ಮಾಡಿ ಮೇಲೆ ನೋಡಿದರು. ವಾಲ್ಟ್ ಕೈ ಬಿಚ್ಚಿದ. ಸಿಂಧುವಿನ ಮುಖ ಬಿಳುಚಿಕೊಂಡಿತು.

ನಮ್ಮ ಮನೆಯ ಸೊಸೆ, ಮಾವನವರು ಕೂತಿದ್ದ ಕೋಣೆಯನ್ನೂ ತಲೆ ತಗ್ಗಿಸಿ ದಾಟುತ್ತಿದ್ದವರು, ಬಾಗಿ ಕಾಲಿನ ಚಪ್ಪಲಿ ತೆಗೆದರು.

"ಹೋಗಿ!" ಎಂದು ಕೂಗಿ ಎಸೆದರು. "ಹೋಗೀಂದ್ರೆ! ಇಲ್ಲಿ ನಿಮಗೇನೂ ಇಲ್ಲ, ಹೋಗಿ!"

ಚಪ್ಪಲಿ ರೆಕ್ಕೆಗೆ ತಾಗಿತು. ಹಕ್ಕಿ ಒಮ್ಮೆ ಕಿರುಚಿ ನೆಟ್ಟಗೆ ಎದ್ದಿತು. ಮರದ ತುದಿ ದಾಟಿತು, ಇನ್ನೂ ಮೇಲೆ ಹೋಯಿತು, ಬಿಸಿಲಿಗೆ ತಾಮ್ರದ ಮೈ ಹೊಳೆಯಿತು. ಒಂದು ಗುಂಡು ತಪ್ಪಿತು. ಇನ್ನೊಂದು ತಪ್ಪಿತು. ನಾನು ಉಸಿರು ಬಿಡಬೇಕೆನ್ನುವಾಗ ದೂರದ ಅಂಚಿನಿಂದ ಮೂರನೆಯದು ಕೇಳಿಸಿತು. ರೆಕ್ಕೆ ಮಡಿಸಿಕೊಂಡಿತು. ಬೆಲ್ ಇಳಿಜಾರಿನಲ್ಲಿ ಓಡಿತು.

ವಾಲ್ಟ್ ಹಕ್ಕಿ ಬಿದ್ದ ಕಡೆ ನೋಡಿದ. "ಇವತ್ತಿನ ಅತಿ ಎತ್ತರದ ಹಕ್ಕಿ ಅದೇ" ಎಂದ. ಆಮೇಲೆ ಸಿಂಧುವಿನ ಕಡೆ ತಿರುಗಿ, "ನಡೆಸು, ಹೆಡ್ ಕೀಪರ್" ಎಂದು ಟೋಪಿ ಎತ್ತಿದ.

ಸಿಂಧು ಪೆಟ್ಟಿಗೆಯ ಮುಚ್ಚಳ ಹಾಕಿದಳು. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದ ತಾಯಿಯ ಹತ್ತಿರ ಬಂದಳು. ಅತ್ತಿಗೆ ಆಕಾಶದಿಂದ ಕಣ್ಣು ಕೀಳದೆ ಕೇಳಿದರು:

"ಸರಿಯಾಗಿ ಹಾರಿದ್ರಾ?"

"ತುಂಬಾ ಚೆನ್ನಾಗಿ ಹಾರಿದ್ರು, ಅಮ್ಮ."

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಈ ಸಲ ಗಾಳಿಯ ಹೆಸರು ಹೇಳಲಿಲ್ಲ.

"ಸರಿ, ಮುಂದಿನ ಪೆಟ್ಟಿಗೆ ತೆಗಿ" ಎಂದರು. "ಜನ ಕಾಯ್ತಿದಾರೆ."